ಸೋರ್ಸ್ ಕೋಡ್ ಕೈಲಿಲ್ಲದೆ ಹಳೇ ಗೇಮಿಗೆ ಕನ್ನಡ ಹಾಕೋಕೆ ಆಗುತ್ತಾ?

ಹಿಂಜವಡಿ_ಹರ್ಷ (ಪುಣೆ)
ಎಲ್ಲರಿಗೂ ನಮಸ್ಕಾರ. ಏಜ್ ಆಫ್ ಎಂಪೈರ್ಸ್ 2 ಅನ್ನೋ ರಾಜ್ಯ ಕಟ್ಟಿ ಯುದ್ಧ ಮಾಡೋ ಗೇಮು, ಅದೂ 1999ರ ಸಿಡಿ ಆವೃತ್ತಿ, ನನ್ನ ಹತ್ರ ಇನ್ನೂ ಇದೆ. ಅಕ್ಕನ ಮಗ ಏಳನೇ ಕ್ಲಾಸು, ಪುಣೆಯಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ಕನ್ನಡ ಚೆನ್ನಾಗೇ ಮಾತಾಡ್ತಾನೆ. ಸ್ಕೂಲಲ್ಲಿ ಇಂಗ್ಲಿಷು, ಮರಾಠಿ. ಹಾಗಾಗಿ ಕನ್ನಡ ಓದೋಕೆ ಬರಲ್ಲ. ಪುಸ್ತಕ ಕೊಟ್ರೆ ಪಕ್ಕಕ್ಕಿಡ್ತಾನೆ. ಗೇಮಿನ ಬರಹ ಕನ್ನಡದಲ್ಲಿದ್ರೆ ಆಡ್ತಾ ಆಡ್ತಾ ಓದೋದು ಕಲೀತಾನೆ ಅನ್ನೋ ಆಸೆಯಿಂದ ಈ ಕೆಲಸಕ್ಕೆ ಕೈ ಹಾಕಿದೆ.

ಗೇಮಿನ ಬರಹವೆಲ್ಲ ಲ್ಯಾಂಗ್ವೇಜ್ ಡಿಎಲ್ಎಲ್ ಅನ್ನೋ ಫೈಲಲ್ಲಿದೆ. ಅಂಥ ಫೈಲ್ ತಿದ್ದೋ ರಿಸೋರ್ಸ್ ಹ್ಯಾಕರ್ ಅನ್ನೋ ಪ್ರೋಗ್ರಾಮಲ್ಲಿ ತೆರೆದ್ರೆ ಸಾಲು ಸಾಲಾಗಿ ಕಾಣ್ಸುತ್ತೆ. ಕೆಲವು ಸಾಲು ತಿದ್ದಿ 'ಹಳ್ಳಿಗ', 'ಕುದುರೆ ಲಾಯ' ಅಂತ ಹಾಕಿ ಸೇವ್ ಮಾಡಿದೆ. ಗೇಮ್ ಶುರುವಾಯ್ತು, ಎಲ್ಲೂ ಕ್ರ್ಯಾಶ್ ಆಗಲಿಲ್ಲ. ಆದ್ರೆ ಕನ್ನಡ ಬರಬೇಕಾದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ. 'ಹಳ್ಳಿಗ' ಇದ್ದಲ್ಲಿ ಸರಿಯಾಗಿ ಆರು ಪ್ರಶ್ನಾರ್ಥಕ.

ಸಿಸ್ಟಮಲ್ಲಿ ಕನ್ನಡ ಫಾಂಟ್ ಇದೆ, ಬ್ರೌಸರಲ್ಲಿ ಕನ್ನಡ ಸರಿಯಾಗೇ ಕಾಣುತ್ತೆ. ಇದು ನಾವು ಹೊರಗಿನಿಂದ ಬಗೆಹರಿಸೋಕೆ ಆಗೋ ಸಮಸ್ಯೆನಾ, ಇಲ್ಲ ಸೋರ್ಸ್ ಕೋಡ್ (ಗೇಮ್ ಮಾಡಿದವರು ಬರೆದ ಮೂಲ ಪ್ರೋಗ್ರಾಮ್) ಇಲ್ಲದವರಿಗೆ ದಾರಿ ಇಲ್ಲಿಗೇ ಮುಗೀತಾ? ಗೊತ್ತಿರೋರು ಹೇಳಿ.

ಸಾಯನ್_ಸಿದ್ದು (ಮುಂಬೈ)
ಮುಗೀತು. ಹೊಸ ಗೇಮ್ ತಗೊಳ್ಳಿ.

ವಾಸ್ಕೊ_ಬಸು (ಗೋವಾ)
ಮುಗೀತು ಅಂತ ಯಾಕ ಹೇಳ್ತೀರಿ ಸಿದ್ದಣ್ಣಾ? ಇದೇ ಗೇಮಿಗೆ ಅಭಿಮಾನಿಗಳು ಮಾಡಿದ ಯೂಸರ್‌ಪ್ಯಾಚ್ ಅಂತ ಒಂದು ತಿದ್ದುಪಡಿ ಐತಿ. ಮೂಲ ಗೇಮಿನಾಗ ಒಬ್ಬರಿಗೆ 200ರ ಮ್ಯಾಲ ಜನಸಂಖ್ಯಾ ಏರಂಗಿಲ್ಲ. ಯೂಸರ್‌ಪ್ಯಾಚ್ ಮಾಡಿದವರು ಅದನ್ನ 1000ಕ್ಕ ಒಯ್ದ್ರು. ಅವರ ಕೈಯಾಗ ಸೋರ್ಸ್ ಇರಲಿಲ್ಲ. ಇಎಕ್ಸ್‌ಇ (ಗೇಮ್ ಓಡಿಸೂ ಮುಖ್ಯ ಫೈಲು) ಬಿಚ್ಚಿ, ಅಸೆಂಬ್ಲಿ (ಮಷೀನ್ ಕೋಡನ್ನ ಮನುಷ್ಯರು ಓದೂ ರೂಪ) ಓದಿ, ಬೇಕಾದಲ್ಲಿ ಬೈಟ್ ಬದಲಿ ಮಾಡಿದ್ರು.

ಇನ್ನ ಫರ್ಗಾಟನ್ ಎಂಪೈರ್ಸ್ ತಂಡ. ಅವರೂ ನಮ್ಮಂಗ ಹೊರಗಿನ ಹುಡುಗ್ರೇ. ಅವರ ಮಾಡ್ (ಅಭಿಮಾನಿಗಳು ಗೇಮಿಗೆ ಮಾಡೂ ಮಾರ್ಪಾಡು) ಎಷ್ಟು ಚಲೋ ಇತ್ತಂದ್ರ 2013ರಾಗ ಅದು ಅಧಿಕೃತ ವಿಸ್ತರಣೆ ಆಗಿ ಬಂತು, ಐದು ಹೊಸ ನಾಗರಿಕತಿ, ಅದರಾಗ ಇಂಡಿಯನ್ಸ್ ಒಂದು. ಮನಸ್ಸು ಮಾಡಿದ್ರ ಆಗಂಗಿಲ್ಲ ಅನ್ನೂದು ಯಾವುದೂ ಇಲ್ಲ.

ಪವಯಿ_ಪ್ರಸಾದ್ (ಮುಂಬೈ)
ಮೊದಲು ಹರ್ಷ ಅವರ ಪ್ರಶ್ನಾರ್ಥಕಕ್ಕೆ ಉತ್ತರ. ಆಮೇಲೆ ಬಸು ಅವರ ಹತ್ರ ವಾದ ಮಾಡ್ತೀನಿ.

ಡಿಎಲ್ಎಲ್ ಒಳಗೆ ಬರಹ ಯೂನಿಕೋಡಲ್ಲೇ (ಎಲ್ಲ ಭಾಷೆಯ ಅಕ್ಷರಕ್ಕೂ ಸಂಕೇತ ಇರೋ ಪದ್ಧತಿ) ಕೂತಿರುತ್ತೆ, ಹಾಗಾಗಿ ನೀವು ಸೇವ್ ಮಾಡಿದ ಕನ್ನಡ ಅಲ್ಲಿ ಹಾಳಾಗಿಲ್ಲ. ಹಾಳಾಗೋದು ಗೇಮ್ ಅದನ್ನ ಓದೋವಾಗ. ಆ ಕಾಲದ ಗೇಮುಗಳು ವಿಂಡೋಸನ್ನ ಹಳೇ ಆನ್ಸಿ ಪದ್ಧತಿಯಲ್ಲಿ ಮಾತಾಡಿಸ್ತವೆ. ಅಂದ್ರೆ 'ಈ ಸಾಲನ್ನ ಸಿಸ್ಟಮಿನ ಕೋಡ್ ಪೇಜಿಗೆ ಇಳಿಸಿ ಕೊಡು' ಅಂತ ಕೇಳ್ತವೆ. ಕೋಡ್ ಪೇಜ್ ಅಂದ್ರೆ ಕೆಲವೇ ಭಾಷೆಯ ಅಕ್ಷರಗಳಿಗೆ ಜಾಗ ಇರೋ ಸಂಕೇತದ ಪಟ್ಟಿ. ರಷ್ಯನ್ನಿಗೆ 1251, ಥಾಯ್‌ಗೆ 874, ಜಪಾನೀಸಿಗೆ 932 ಅಂತ ಕೋಡ್ ಪೇಜ್ ಇದೆ. ಕನ್ನಡಕ್ಕೆ ಮೈಕ್ರೋಸಾಫ್ಟ್ ಅಂಥದ್ದನ್ನ ಕೊಡಲೇ ಇಲ್ಲ. ಹಿಂದಿ, ತಮಿಳು, ತೆಲುಗಿಗೂ ಇಲ್ಲ. ವಿಂಡೋಸಲ್ಲಿ ನಮ್ಮ ಭಾಷೆಗಳು ಬಂದಿದ್ದೇ ಯೂನಿಕೋಡ್ ದಾರಿಯಲ್ಲಿ. ಇಳಿಸೋಕೆ ಜಾಗ ಇಲ್ಲ ಅಂದಾಗ ವಿಂಡೋಸ್ ಒಂದೊಂದು ಸಂಕೇತಕ್ಕೆ ಒಂದೊಂದು ಪ್ರಶ್ನಾರ್ಥಕ ಇಟ್ಟು ಕೊಡುತ್ತೆ. ಹ, ಳ, ಅರ್ಧಾಕ್ಷರದ ಗುರುತು (್), ಇನ್ನೊಂದು ಳ, ಇಕಾರ, ಗ. ನಿಮ್ಮ ಆರು ಪ್ರಶ್ನಾರ್ಥಕ ಅಲ್ಲಿಂದ ಬಂದಿದ್ದು.

ಇದನ್ನ ದಾಟಿದ್ರೂ ಎರಡನೇ ಗೋಡೆ ಇದೆ. ಇಂಗ್ಲಿಷಿಗಾದ್ರೆ ಒಂದು ಅಕ್ಷರ, ಒಂದು ಚಿತ್ರ, ಪಕ್ಕಪಕ್ಕ ಇಟ್ರೆ ಆಯ್ತು. ಕನ್ನಡದಲ್ಲಿ ಒತ್ತು ಕೆಳಗೆ ಹೋಗಬೇಕು, ಗುಣಿತ ಸೇರಬೇಕು. 'ಕರ್ನಾಟಕ' ಬರೀರಿ. ಸಂಕೇತದ ಸಾಲಲ್ಲಿ ರ ಮೊದಲು ಬರುತ್ತೆ, ಆಮೇಲೆ ನ. ಕಾಣ್ಸೋವಾಗ ಅರ್ಕಾವತ್ತು 'ನಾ' ಆದ ಮೇಲೆ ಬರಬೇಕು. ಈ ಜೋಡಣೆ ಮಾಡೋ ಕೋಡ್ ಗೇಮಲ್ಲಿ ಇಲ್ಲದಿದ್ರೆ ರಾಜ್ಯದ ಹೆಸರೇ ಒಡೆದು ಕಾಣುತ್ತೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ ನೋಡಿ. ಸ್ವಯಂಸೇವಕರು ಕಷ್ಟಪಟ್ಟು ಮಾಡಿದ ಕನ್ನಡ ಭಾಷೆಯ ಪಟ್ಟಿಯಲ್ಲೇ ಇದೆ, ಆದ್ರೆ ಅಕ್ಷರ ಜೋಡಿಸೋ ಕೆಲಸ ಆಟ ಮಾಡಲ್ಲ, ಒತ್ತುಗಳು ಬಿಡಿಬಿಡಿಯಾಗಿ ನಿಲ್ತವೆ.

ಈಗ ಬಸು ಅವರಿಗೆ. 200ನ್ನ 1000 ಮಾಡೋದು ಅಂದ್ರೆ ಕೋಡಲ್ಲಿ ಇರೋ ಮಿತಿಯನ್ನ ಹುಡುಕಿ ಏರಿಸೋದು. ಕಷ್ಟದ ಕೆಲಸವೇ, ಆ ಪ್ಯಾಚ್ ಮಾಡಿದವರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಆದ್ರೆ ಇರೋದನ್ನ ಹಿಗ್ಗಿಸೋದು ಬೇರೆ, ಗೇಮಿಗೆ ಗೊತ್ತೇ ಇಲ್ಲದ ಕೆಲಸವನ್ನ ಕಲಿಸೋದು ಬೇರೆ. ಸೋರ್ಸ್ ಇಲ್ಲದ ಮಾಡಿಂಗ್ ಎಲ್ಲಿ ನಿಲ್ಲುತ್ತೆ ಅಂತ ಕೇಳಿದ್ರೆ ನಾನು ಈ ಗೆರೆಯನ್ನೇ ತೋರಿಸೋದು.

ಡೊಂಬಿವಲಿ_ಶೆಟ್ರು (ಮುಂಬೈ)
ಪ್ರಸಾದ್ ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ಇಎ ಕ್ರಿಕೆಟ್ 07 ನೋಡಿ. 2006ರ ಗೇಮ್ ಅದು, ಇವತ್ತಿಗೂ ಜನ ಆಡ್ತಾರೆ. ಐಪಿಎಲ್ ಶುರುವಾದ ಮೇಲೆ ಪ್ರತಿ ವರ್ಷ ಹೊಸ ಪ್ಯಾಚ್ ಬರ್ತಾ ಉಂಟು. ಜೆರ್ಸಿ, ಬ್ಯಾಟಿನ ಸ್ಟಿಕ್ಕರ್, ಸ್ಟೇಡಿಯಂ, ಆಟಗಾರರ ಮುಖ, ಸ್ಕೋರ್ ತೋರಿಸುವ ಪಟ್ಟಿ, ಎಲ್ಲ ಹೊಸತು. ಯಾಕೆ ಆಯ್ತು? ಬಿಗ್ ಅನ್ನುವ ನಮೂನೆಯ ಫೈಲಿನ ಒಳಗೆ ಎಫ್‌ಎಸ್‌ಎಚ್ ಅನ್ನುವ ನಮೂನೆಯ ಚಿತ್ರಗಳು ಬೇರೆಯಾಗಿಯೇ ಉಂಟು, ತಂಡದ ಪಟ್ಟಿ ರೋಸ್ಟರ್ ಫೈಲಲ್ಲಿ ಉಂಟು. ತೆಗೆದು ಬೇರೆ ಇಟ್ಟರೆ ಆಯ್ತು.

ಆದರೆ ನಿಯಮ? ಏಕದಿನದಲ್ಲಿ ಫ್ರೀ ಹಿಟ್ ಬಂದದ್ದು 2007ರ ಅಕ್ಟೋಬರಿನಲ್ಲಿ, ಗೇಮ್ ಬಂದು ಹತ್ತಿರ ಹತ್ತಿರ ಒಂದು ವರ್ಷದ ಮೇಲೆ. ಡಿಆರ್‌ಎಸ್ 2009ರಲ್ಲಿ ಅಧಿಕೃತವಾಗಿ ಬಂತು. ಎರಡು ಕಡೆಯಿಂದ ಎರಡು ಹೊಸ ಚೆಂಡು 2011ರಿಂದ. ಜೆರ್ಸಿ ಮಾತ್ರ ಈ ವರ್ಷದ್ದು, ಅಂಪೈರನಿಗೆ ಗೊತ್ತಿರುವ ನಿಯಮ ಇನ್ನೂ 2006ರದ್ದೇ. ಇಷ್ಟು ವರ್ಷ, ಇಷ್ಟು ಜನ ಕೈ ಹಾಕಿದ ಗೇಮ್. ನಿಯಮ ಕೂತಿರುವುದು ಇಎಕ್ಸ್‌ಇ ಒಳಗೆ, ಅಲ್ಲಿಗೆ ಪ್ಯಾಚ್ ಹಾಕುವವರ ಕೈ ಮುಟ್ಟುವುದು ಭಾರೀ ಕಷ್ಟ.

ಚಿಂಚವಡ_ಚೇತನ್ (ಪುಣೆ)
ಶೆಟ್ರೆ, ಕ್ರಿಕೆಟ್ 07 ಅಂದ್ರೆ ನಮ್ಮ ಹಾಸ್ಟೆಲ್ ಪೂರ್ತಿ ಈಗಲೂ ಅದೇ. ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಅದೇ ಗತಿ, ಅದೇ ಪ್ರೀತಿ.

ಡೊಂಬಿವಲಿ_ಶೆಟ್ರು (ಮುಂಬೈ)
ನಮ್ಮ ಕಾಲದಲ್ಲಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಪ್ಯಾಚಿನ ಸಿಡಿ ತರುವುದು. ಹೋಟೆಲಿನ ರಜೆ ಸಿಕ್ಕಿದ ದಿನ ಗ್ರಾಂಟ್ ರೋಡಿನಲ್ಲಿ ಇಳಿದು ಅಂಗಡಿ ಅಂಗಡಿ ಸುತ್ತುವುದು. ಈಗ ಎಲ್ಲ ಡೌನ್‌ಲೋಡು.

ವಾಸ್ಕೊ_ಬಸು (ಗೋವಾ)
ಪ್ರಸಾದ್ ಅಣ್ಣಾ, ನಿಮ್ಮ ಗೆರಿ ನನಗ ಒಪ್ಪಿಗಿ ಇಲ್ಲ. ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮ್ ತಗೋರಿ. ಅದರ ಹ್ಯಾಂಡ್ಲಿಂಗ್ ಫೈಲ್ ಬರೀ ಟೆಕ್ಸ್ಟು, ನೋಟ್‌ಪ್ಯಾಡಿನಾಗ ಗಾಡಿ ವೇಗ, ಬ್ರೇಕು ತಿದ್ದಬಹುದು. ಅದು ಬಿಡ್ರಿ, ಅದು ಕಂಪನಿನೇ ತೆರೆದಿಟ್ಟಿದ್ದು. ಆದ್ರ ಕ್ಲಿಯೋ ಅಂತ ಮಾಡ್ ಬಂತಲ್ಲ, ಅದು ಗೇಮಿಗೆ ಗೊತ್ತೇ ಇಲ್ಲದ ಹೊಸ ಸ್ಕ್ರಿಪ್ಟ್ ಆಜ್ಞಾ ಕಲಿಸ್ತು. ಮಲ್ಟಿ ಥೆಫ್ಟ್ ಆಟೊ ಅಂತೂ ಒಬ್ಬರೇ ಆಡೂ ಗೇಮಿಗೆ ಆನ್‌ಲೈನ್ ಕೂಡಿಸಿ ಆಡೂದನ್ನೇ ತಂತು. ಇದು ಹೊಸ ಕೆಲಸ ಕಲಿಸಿದಂಗ ಅಲ್ಲೇನು?

ನಾವು ಝುವಾರಿನಗರದ ಕೆಫೆದಾಗ ಆಡ್ತಿದ್ವಿ. ಬಿಜಾಪುರ, ಬಾಗಲಕೋಟಿ ಕಡಿಯ ಹುಡುಗ್ರು ರಗಡ. ನಂಬರ್ ಪ್ಲೇಟಿನಾಗ ಕೆಎ 28 ಅಂತ ಹಾಕಿ ಓಡಿಸಿದ್ವಿ. ಅದರ ಖುಷಿ ಈಗಲೂ ಮರ್ತಿಲ್ಲ.

ಪವಯಿ_ಪ್ರಸಾದ್ (ಮುಂಬೈ)
ಒಳ್ಳೇ ಉದಾಹರಣೆ ಬಸು. ಆದ್ರೆ ಆ ಕ್ಲಿಯೋ ಯಾವ ಇಎಕ್ಸ್‌ಇ ಮೇಲೆ ಓಡುತ್ತೆ ನೋಡಿ. ಸ್ಯಾನ್ ಆಂಡ್ರಿಯಾಸ್ ಮಾಡ್ ಹಾಕೋರಿಗೆ ಮೊದಲು ಕೇಳೋ ಮಾತು 'ನಿಮ್ಮದು 1.0 ಆವೃತ್ತಿನಾ?' ಅನ್ನೋದು. ಯಾಕಂದ್ರೆ ಮಾಡುಗಳು ಮೆಮೊರಿಯ ಇಂಥದ್ದೇ ವಿಳಾಸದಲ್ಲಿ ಇಂಥದ್ದೇ ಫಂಕ್ಷನ್ ಇದೆ ಅಂತ ನಂಬಿ ಬರೆದವು. ಕಂಪನಿ ಇನ್ನೊಮ್ಮೆ ಕಂಪೈಲ್ ಮಾಡಿದ್ರೆ, ಅಂದ್ರೆ ಸೋರ್ಸಿಂದ ಇಎಕ್ಸ್‌ಇ ಹೊಸದಾಗಿ ಕಟ್ಟಿದ್ರೆ, ವಿಳಾಸ ಎಲ್ಲ ಪಲ್ಲಟ.

ಸ್ಕೈರಿಮ್ ಗೇಮ್ ಆಡಿದವರಿಗೆ 2021ರ ನವೆಂಬರ್ ನೆನಪಿರುತ್ತೆ. ಆನಿವರ್ಸರಿ ಆವೃತ್ತಿ ಅಂತ ಅಪ್‌ಡೇಟ್ ಬಂತು, ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಅನ್ನೋ ಅಭಿಮಾನಿಗಳ ಸಾಧನ ಮತ್ತು ಅದರ ಮೇಲೆ ನಿಂತ ಮಾಡುಗಳು ಒಂದೇ ದಿನ ಕೆಲಸ ನಿಲ್ಲಿಸಿದ್ವು. ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಇಎಕ್ಸ್‌ಇಯ ವಿಳಾಸಗಳನ್ನ ಹಿಡಿದು ನಿಂತಿದ್ದು. ಕಂಪನಿ ಕೊಟ್ಟ ಎಡಿಟರಲ್ಲೇ ಮಾಡಿದ ಬರೀ ಕತ್ತಿ, ಬಟ್ಟೆ, ಊರಿನ ಮಾಡುಗಳಿಗೆ ಅಷ್ಟು ತೊಂದರೆ ಆಗಲಿಲ್ಲ. ಕಂಪನಿ ಇಟ್ಟ ಬಾಗಿಲಿಂದ ಹೋದವರಿಗೂ ಗೋಡೆ ಕೊರೆದು ಹೋದವರಿಗೂ ಅಷ್ಟು ವ್ಯತ್ಯಾಸ.

ಹಾಗಾಗಿ ನನ್ನ ಮಾತನ್ನ ಹೀಗೆ ಹೇಳ್ತೀನಿ. ಹೊಸ ಕೆಲಸ ಕಲಿಸೋದು ಅಸಾಧ್ಯ ಅಲ್ಲ, ಆದ್ರೆ ಕಲಿಸಿದ್ದು ಆ ಒಂದು ಇಎಕ್ಸ್‌ಇಗೆ ಮಾತ್ರ ಗಟ್ಟಿ. ಯಾರೋ ಒಬ್ಬರು ಪ್ರತಿ ಸಲ ಕೂತು ಮತ್ತೆ ವಿಳಾಸ ಹುಡುಕ್ತಾ ಇರಬೇಕು. ಅವರು ಕೈ ಬಿಟ್ಟ ದಿನ ಮಾಡೂ ಹೋಗುತ್ತೆ.

ಮಾಪುಸಾ_ರೋಹಿಣಿ (ಗೋವಾ)
ನಾನು ಯೂನಿಟಿ ಅನ್ನೋ ಗೇಮ್ ಎಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ಬಳಸಿ ಕೆಲಸ ಮಾಡೋಳು, ಅದಕ್ಕೆ ಒಂದು ಮಾತು. 'ಸೋರ್ಸ್ ಇಲ್ಲ' ಅನ್ನೋದು ಎಲ್ಲ ಗೇಮಿಗೂ ಒಂದೇ ತೂಕದ್ದಲ್ಲ.

ಯೂನಿಟಿ ಗೇಮ್ ಮೋನೋ ಅನ್ನೋ ಬಿಲ್ಡ್ ದಾರಿಯಲ್ಲಿ ಹೊರಬಂದಿದ್ರೆ ಸಿ ಶಾರ್ಪ್ ಕೋಡು ಮಧ್ಯಂತರ ಭಾಷೆಯಲ್ಲಿ ಉಳಿದಿರುತ್ತೆ, ಕ್ಲಾಸು, ಫಂಕ್ಷನ್ನಿನ ಹೆಸರು ಸಮೇತ. ಡಿಎನ್‌ಸ್ಪೈ ಅನ್ನೋ ಸಾಧನದಲ್ಲಿ ತೆರೆದ್ರೆ ಹೆಚ್ಚು ಕಡಿಮೆ ಸೋರ್ಸೇ ಓದಿದ ಹಾಗೆ. ಹಾರ್ಮನಿ ಲೈಬ್ರರಿ ಇಟ್ಕೊಂಡು 'ಈ ಫಂಕ್ಷನ್ ಓಡೋಕೆ ಮುಂಚೆ ನನ್ನದು ಓಡಲಿ' ಅಂತ ಹೆಸರು ಹಿಡಿದೇ ಹೇಳಬಹುದು. ವಿಳಾಸದ ತಲೆನೋವು ಇಲ್ಲ. ಅದೇ ಗೇಮನ್ನ ಐಎಲ್2ಸಿಪಿಪಿ ಅನ್ನೋ ಇನ್ನೊಂದು ದಾರಿಯಲ್ಲಿ ಬಿಲ್ಡ್ ಮಾಡಿದ್ರೆ ಎಲ್ಲ ಸಿ ಪ್ಲಸ್ ಪ್ಲಸ್ಸಿಗೆ ತಿರುಗಿ ಮಷೀನ್ ಕೋಡ್ ಆಗುತ್ತೆ. ಫಂಕ್ಷನ್ನಿನ ಒಳಗೇನಿದೆ ಅಂತ ನೋಡೋಕೆ ಮತ್ತೆ ಅಸೆಂಬ್ಲಿಗೇ ಇಳೀಬೇಕು. ಒಂದೇ ಗೇಮು, ಒಂದೇ ಕಥೆ, ಬಿಲ್ಡ್ ಮಾಡೋವಾಗ ಒತ್ತಿದ ಒಂದು ಆಯ್ಕೆಯಿಂದ ಮಾಡ್ ಮಾಡೋರ ಹಣೆಬರಹ ಬದಲಾಗುತ್ತೆ.

ಮೈನ್‌ಕ್ರಾಫ್ಟ್ ಜಾವಾದಲ್ಲೂ ಹೀಗೇ. ಹೆಸರುಗಳನ್ನೆಲ್ಲ ಕಲಸಿಟ್ಟಿದ್ರು, ಮಾಡ್ ಮಾಡೋರು ವರ್ಷಗಟ್ಟಲೆ ತಾವೇ ಹೆಸರಿಟ್ಟು ಪಟ್ಟಿ ಮಾಡ್ಕೊಂಡ್ರು. 2019ರಲ್ಲಿ ಗೇಮ್ ಮಾಡಿದ ಕಂಪನಿ ಮೊಜಾಂಗ್ ತಾನೇ ಹೆಸರಿನ ಪಟ್ಟಿ ಹೊರಗಿಡ್ತು. ಅದೊಂದೇ ಹೆಜ್ಜೆಯಿಂದ ಎಷ್ಟು ಜನರ ಶ್ರಮ ಉಳೀತು!

ಕನ್ನಡದ ವಿಷಯಕ್ಕೆ ಬಂದ್ರೆ, ಯೂನಿಟಿಯಲ್ಲಿ ಬರಹ ತೋರಿಸೋ ಟೆಕ್ಸ್ಟ್‌ಮೆಶ್ ಪ್ರೋ ನಮ್ಮ ಒತ್ತಕ್ಷರ ಜೋಡಿಸಲ್ಲ. ಅನ್‌ರಿಯಲ್ ಎಂಜಿನ್ನಲ್ಲಿ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಲೈಬ್ರರಿ ಇದೆ, ಅಲ್ಲಿ ಆಗುತ್ತೆ. ಗೋಡೋ ಎಂಜಿನ್ನಿನ 4ನೇ ಆವೃತ್ತಿಯಿಂದ, ಅಂದ್ರೆ 2023ರಿಂದ, ಅಲ್ಲೂ ಆಗುತ್ತೆ. ಹೊಸದಾಗಿ ಗೇಮ್ ಮಾಡೋ ಕನ್ನಡದ ಹುಡುಗರು ಎಂಜಿನ್ ಆರಿಸೋವಾಗ ಇದನ್ನ ನೋಡ್ಲಿ ಅಂತ ನನ್ನ ಕಳಕಳಿ.

ಸಾಯನ್_ಸಿದ್ದು (ಮುಂಬೈ)
ಏಜ್ ಆಫ್ ಎಂಪೈರ್ಸ್ 2ರ ಡೆಫಿನಿಟಿವ್ ಆವೃತ್ತಿಯಲ್ಲಿ (2019) ಹಿಂದಿ ಇದೆ. ಕನ್ನಡ ಯಾಕಿಲ್ಲ?

ಪವಯಿ_ಪ್ರಸಾದ್ (ಮುಂಬೈ)
ಅದು ಕಂಪನಿಗೆ ಕೇಳಬೇಕಾದ ಪ್ರಶ್ನೆ, ಕೇಳಲೇಬೇಕು. ದೇವನಾಗರಿ ಜೋಡಣೆ ಮಾಡೋ ವ್ಯವಸ್ಥೆಯನ್ನ ಗೇಮಿನೊಳಗೆ ಒಮ್ಮೆ ಕೂಡಿಸಿದ ಮೇಲೆ ಕನ್ನಡಕ್ಕೆ ಬೇಕಾದ ಕೆಲಸದಲ್ಲಿ ದೊಡ್ಡ ಪಾಲು ಮುಗಿದಂತೆ.

ಸಾಯನ್_ಸಿದ್ದು (ಮುಂಬೈ)
2022ರಲ್ಲಿ ಇಂಡಿಯನ್ಸನ್ನ ಒಡೆದು ಹಿಂದೂಸ್ಥಾನಿ, ಬಂಗಾಳಿ, ಗುರ್ಜರ, ದ್ರಾವಿಡ ಅಂತ ಮಾಡಿದ್ರು. ದ್ರಾವಿಡರ ಅಭಿಯಾನ (ಕಥೆಯಾಗಿ ಆಡೋ ಯುದ್ಧಗಳ ಸರಣಿ) ರಾಜೇಂದ್ರ ಚೋಳನದ್ದು. ಚೋಳರ ಮೇಲೆ ಗೌರವ ಇದೆ. ಆದ್ರೆ ಬಾದಾಮಿ, ಕಲ್ಯಾಣ, ಹಂಪಿ ಇಟ್ಕೊಂಡ ನಾಡಿಗೆ ಒಂದು ಅಭಿಯಾನ ಬೇಡ್ವಾ?

ವಾಸ್ಕೊ_ಬಸು (ಗೋವಾ)
ಇದಕ್ಕ ಸೋರ್ಸ್ ಕೋಡ್ ಬೇಕಾಗಿಲ್ಲ ಸಿದ್ದಣ್ಣಾ! ಸೀನೇರಿಯೊ ಎಡಿಟರ್ (ನಾವೇ ಹೊಸ ಯುದ್ಧ ಕಟ್ಟೂ ಸಾಧನ) ಗೇಮಿನ ಸಂಗಟನ ಬರ್ತದ. ಎಐ ಸ್ಕ್ರಿಪ್ಟೂ ಬರೀ ಟೆಕ್ಸ್ಟ್ ಫೈಲು. ಇಮ್ಮಡಿ ಪುಲಿಕೇಶಿ ನರ್ಮದಾ ದಂಡಿಮ್ಯಾಲ ಹರ್ಷವರ್ಧನನ್ನ ತಡದ ಯುದ್ಧ ಮಾಡೂಣು. ನಕಾಶಿ ನಾ ಬರೀತೀನಿ.

ಡೊಂಬಿವಲಿ_ಶೆಟ್ರು (ಮುಂಬೈ)
ನಮ್ಮ ರಾಣಿ ಅಬ್ಬಕ್ಕನೂ ಬೇಕು. ಉಳ್ಳಾಲದ ಸಮುದ್ರ, ಪೋರ್ಚುಗೀಸರ ಹಡಗು. ಗೋವಾದವರು ಒಂದಾಗಿ ಸೇರಿದರೆ ಇನ್ನೂ ಚಂದ.

ಎರಂಡವಣೆ_ಸುಮಾ (ಪುಣೆ)
ಮಕ್ಕಳಾ, ಗೇಮ್ ನನಗೆ ಗೊತ್ತಿಲ್ಲ. ಕನ್ನಡ ಸಂಘದ ಗುಂಪಿನಲ್ಲಿ ಯಾರೋ ಈ ಚರ್ಚೆ ಕಳಿಸಿದರು. ನಾನು ಡಿಟಿಪಿ ಕೆಲಸದವಳು, ಪುಣೆ ಮುಂಬಯಿಯ ಕನ್ನಡ ಮದುವೆ ಪತ್ರಿಕೆ, ಸ್ಮರಣ ಸಂಚಿಕೆ ಮಾಡುತ್ತ ವಯಸ್ಸಾಯಿತು. ಪ್ರಸಾದ್ ಹೇಳಿದ ಎರಡೂ ಗೋಡೆ ನಮಗೆ ಹಳೆಯ ಪರಿಚಯ. ನಾವು ಅದನ್ನು ದಾಟಿಯೇ ಕೆಲಸ ಮಾಡಿದ್ದು.

ನಾವು ಪುಟ ಜೋಡಿಸುತ್ತಿದ್ದ ಪೇಜ್‌ಮೇಕರ್ ಸಾಫ್ಟ್‌ವೇರ್ ಮಾಡಿದವರು ಕನ್ನಡವನ್ನು ಎಣಿಸಿರಲಿಲ್ಲ, ಅದರ ಸೋರ್ಸ್ ಕೋಡೂ ನಮ್ಮ ಕೈಯಲ್ಲಿ ಇರಲಿಲ್ಲ. ಹಾಗಾದರೆ ಕನ್ನಡ ಹೇಗೆ ಬಂತು? ಫಾಂಟಿನಿಂದ. ಇಂಗ್ಲಿಷ್ ಫಾಂಟಿನ ಇನ್ನೂರು ಚಿಲ್ಲರೆ ಜಾಗಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು. ನಮ್ಮ ಪುಣೆಯ ಸಿ-ಡ್ಯಾಕ್ ಮತ್ತು ಶ್ರೀಲಿಪಿಯವರು ಒಂದೊಂದು ರೀತಿ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಇನ್ನೊಂದು ರೀತಿ. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಅನ್ನುವುದೇ ಎರಡು ಚೂರು, ತಲೆಕಟ್ಟು ಬೇರೆ, ಉಳಿದ ಮೈ ಬೇರೆ. 'ಸ್ತ್ರೀ' ಬೇಕೆಂದರೆ ಮೊದಲು ಸಿ, ಆಮೇಲೆ ತ ಒತ್ತು, ರ ಒತ್ತು, ಕೊನೆಗೆ ದೀರ್ಘ. ಒತ್ತಿನ ಚೂರನ್ನು ಫಾಂಟಿನಲ್ಲೇ ಎಡಕ್ಕೆ, ಕೆಳಕ್ಕೆ ಸರಿಸಿ ಬರೆದಿರುತ್ತಾರೆ, ಹಾಗಾಗಿ ಪಕ್ಕದಲ್ಲಿಟ್ಟರೂ ಹಿಂದಿನ ಅಕ್ಷರದ ಅಡಿಗೆ ಹೋಗಿ ಕೂರುತ್ತದೆ. 'ಕರ್ನಾಟಕ'ದ ಅರ್ಕಾವತ್ತು? ಕಾಣುವ ಕ್ರಮದಲ್ಲೇ ಇಡುತ್ತೇವೆ, 'ನಾ' ಆದ ಮೇಲೆ. ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಜೋಡಿಸುವ ಬುದ್ಧಿ ಅದಕ್ಕೆ ಬೇಕಾಗಿಯೇ ಇಲ್ಲ, ಜೋಡಣೆಯೆಲ್ಲ ಬರೆಯುವಾಗಲೇ ಮುಗಿದಿರುತ್ತದೆ.

ನಿಮ್ಮ ಗೇಮ್ ಫ್ರೆಂಚ್, ಜರ್ಮನ್ ಭಾಷೆಯಲ್ಲೂ ಬಂದಿತ್ತೇ? ಬಂದಿದ್ದರೆ ಅವರ ಚುಕ್ಕಿ, ಟೊಪ್ಪಿಗೆಯ ಅಕ್ಷರ ಕೂರುವ ಮೇಲಿನ ಜಾಗಗಳೂ ಅದರಲ್ಲಿ ತೆರೆದಿವೆ ಎಂದಾಯಿತು. ಯೂನಿಕೋಡ್ ಬರಹವನ್ನು ನುಡಿ ಆಸ್ಕಿಗೆ (ಈ ಚೂರುಗಳ ಸಂಕೇತಕ್ಕೆ) ಬದಲಿಸುವ ಪರಿವರ್ತಕ ಬೇಕಾದಷ್ಟಿವೆ. ಬದಲಿಸಿದ ಸಾಲನ್ನು ನಿಮ್ಮ ಫೈಲಿನಲ್ಲಿ ಹಾಕಿ, ಗೇಮ್ ಕೇಳುವ ಫಾಂಟಿನ ಬದಲು ಈ ಫಾಂಟ್ ಸಿಗುವಂತೆ ಮಾಡಿ ನೋಡಿ.

ಪವಯಿ_ಪ್ರಸಾದ್ (ಮುಂಬೈ)
ಸುಮಾ ಅಕ್ಕ, ಕೈ ಮುಗೀತೀನಿ. ಇದು ಎರಡೂ ಗೋಡೆಯನ್ನ ಒಟ್ಟಿಗೆ ದಾಟೋ ದಾರಿ.

ಹರ್ಷ, ಗೇಮ್ ವಿಂಡೋಸಿನ ಫಾಂಟನ್ನೇ ಹೆಸರು ಹಿಡಿದು ಕೇಳ್ತಿದ್ರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ಜಾಗ) ಫಾಂಟ್ ಸಬ್‌ಸ್ಟಿಟ್ಯೂಟ್ಸ್ ಅಂತ ಒಂದು ಜಾಗ ಇದೆ. 'ಆ ಹೆಸರಿನ ಫಾಂಟ್ ಕೇಳಿದ್ರೆ ಇದನ್ನ ಕೊಡು' ಅಂತ ಅಲ್ಲಿ ಬರೆಯಬಹುದು. ಇಎಕ್ಸ್‌ಇ ಮುಟ್ಟೋದೇ ಬೇಡ. ರಿಜಿಸ್ಟ್ರಿ ತಿದ್ದೋಕೆ ಮುಂಚೆ ಬ್ಯಾಕಪ್ ತೆಗೀರಿ, ಆಟ ಮುಗಿದ ಮೇಲೆ ಮೊದಲಿನ ಹಾಗೆ ಮಾಡಿ, ಇಲ್ಲದಿದ್ರೆ ಅದೇ ಫಾಂಟ್ ಕೇಳೋ ಬೇರೆ ಪ್ರೋಗ್ರಾಮಿನ ಇಂಗ್ಲಿಷ್ ಬರಹವೂ ಕನ್ನಡ ಚೂರುಗಳ ಗೋಜಲಾಗಿ ಕಾಣುತ್ತೆ.

ಠಾಣೆ_ವಕೀಲ (ಮುಂಬೈ)
ಕಾನೂನಿನ ಮಾತೂ ಇರಲಿ, ಇಎಕ್ಸ್‌ಇ ಬಿಚ್ಚೋ ಮಾತು ಬಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬಗ್ಗೆ ವಿನಾಯಿತಿಗಳಿವೆ. ಕಾನೂನುಬದ್ಧವಾಗಿ ತಗೊಂಡ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತೆ, ಅದರ ಹಿಂದಿನ ತತ್ವ ಏನು ಅಂತ ಗಮನಿಸಿ, ಪರೀಕ್ಷಿಸಿ ತಿಳಿಯೋದಕ್ಕೆ ಅವಕಾಶ ಇದೆ. ನೀವೇ ಸ್ವತಂತ್ರವಾಗಿ ಬರೆದ ಬೇರೆ ಪ್ರೋಗ್ರಾಮ್ ಅದರ ಜೊತೆ ಹೊಂದಿ ನಡೆಯೋಕೆ ಬೇಕಾದ ಮಾಹಿತಿ ಬೇರೆ ಕಡೆ ಸಿಗದಿದ್ರೆ ಅದನ್ನ ಪಡೆಯೋದಕ್ಕೂ ಇದೆ. ಆದ್ರೆ ಕಲಿಯೋದು ಬೇರೆ, ಬಿಚ್ಚಿದ ಕೋಡನ್ನ ಊರಿಗೆಲ್ಲ ಹಂಚೋದು ಬೇರೆ. 2012ರ ತಿದ್ದುಪಡಿಯಿಂದ 65ಎ ಬಂದಿದೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯೋದು ಅಪರಾಧ.

ಜಿಟಿಎ 3 ಮತ್ತು ವೈಸ್ ಸಿಟಿಯನ್ನ ಅಭಿಮಾನಿಗಳು ಬಿಚ್ಚಿ ಸೋರ್ಸ್ ಮತ್ತೆ ಬರೆದು ಹೊರಗಿಟ್ಟರಲ್ಲ, ರೀ3 ಅಂತ, 2021ರ ಫೆಬ್ರವರಿಯಲ್ಲಿ ಆ ಗೇಮುಗಳ ಕಂಪನಿ ಟೇಕ್-ಟೂ ಅದನ್ನ ತೆಗೆಸಿತು, ಅದೇ ವರ್ಷ ಅಮೆರಿಕದ ಕೋರ್ಟಿಗೂ ಹೋಯಿತು. ಹಂಚೋವಾಗ ನೀವು ಬರೆದ ಸಾಲುಗಳನ್ನ ಮಾತ್ರ ಹಂಚಿ, ಕಂಪನಿಯ ಪೂರ್ತಿ ಫೈಲನ್ನಲ್ಲ. ಇದು ನನ್ನ ಗಟ್ಟಿ ಸಲಹೆ.

ವಾಸ್ಕೊ_ಬಸು (ಗೋವಾ)
ವಕೀಲ್ರ, ಇಪ್ಪತ್ತು ವರ್ಷದ ಹಳೇ ಗೇಮಿನ ಸೋರ್ಸ್ ಕಂಪನಿಯವರು ಇಟ್ಕೊಂಡು ಏನ್ ಮಾಡ್ತಾರ್ರೀ? ಬಿಟ್ಟುಕೊಡಬೇಕು. ಡೂಮ್ ಗೇಮ್ ಬಂದದ್ದು 1993ರಾಗ, 1997ರಾಗ ಐಡಿ ಸಾಫ್ಟ್‌ವೇರ್ ಸೋರ್ಸ್ ಬಿಟ್ಟಿತು. ಅದಕ್ಕಿಂತ ಮೊದಲು ಡಿಹ್ಯಾಕ್‌ಎಡ್ ಅಂತ ಇತ್ತು, ಇಎಕ್ಸ್‌ಇ ಒಳಗಿನ ಪಟ್ಟಿ ತಿದ್ದೂದು. ಇದ್ದ ರಾಕ್ಷಸನ ಬಲ, ವೇಗ ಬದಲಿ ಮಾಡಬಹುದಿತ್ತು. ಪಟ್ಟಿನೇ ಉದ್ದ ಮಾಡಾಕ ಬರ್ತಿರಲಿಲ್ಲ. ಮ್ಯಾಪ್ ದೊಡ್ಡದಾಗಿ ಒಂದು ಸರ್ತಿಗೆ 128ಕ್ಕಿಂತ ಹೆಚ್ಚು ನೆಲ-ಚಾವಣಿ ತುಂಡು ಕಂಡ್ರ ಗೇಮ್ ಅಲ್ಲೇ ನಿಂದ್ರತಿತ್ತು. ಸೋರ್ಸ್ ಬಂದ ಮರುವರ್ಷನೇ ಬೂಮ್ ಅನ್ನೂ ಸುಧಾರಿತ ಆವೃತ್ತಿ ಬಂತು, ಆ ಮಿತಿ ಎಲ್ಲಾ ಕಿತ್ತು ಹಾಕಿದ್ರು. ಇವತ್ತಿಗೂ ಹೊಸ ಮ್ಯಾಪ್ ಬರ್ತಾವ.

ಪವಯಿ_ಪ್ರಸಾದ್ (ಮುಂಬೈ)
ಇದರಲ್ಲಿ ನಾನು ಬಸು ಪಕ್ಷ. ಇಎ ಕೂಡ 2025ರ ಫೆಬ್ರವರಿಯಲ್ಲಿ ಕಮಾಂಡ್ ಅಂಡ್ ಕಾಂಕರ್ ಜನರಲ್ಸ್‌ನ ಸೋರ್ಸ್ ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸ್ ಅಡಿ ಬಿಟ್ಟಿತು. ಕಂಪನಿಗಳ ತೊಡಕೂ ನಿಜ. ಡೂಮ್ ವಿಷಯದಲ್ಲೇ ಡಾಸ್ ಆವೃತ್ತಿಯ ಸೌಂಡ್ ಲೈಬ್ರರಿ ಬೇರೆಯವರದ್ದಾಗಿತ್ತು, ಹಾಗಾಗಿ ಲಿನಕ್ಸ್ ಆವೃತ್ತಿಯ ಸೋರ್ಸ್ ಬಿಟ್ಟರು. ಆದ್ರೆ ಅವರು ದಾರಿ ಹುಡುಕಿದ್ರಲ್ಲ, ಅದು ಮುಖ್ಯ.

ಪೂರ್ತಿ ಬಿಡೋಕೆ ಆಗದಿದ್ರೆ ಹಾಫ್-ಲೈಫ್ ತರಹ ಮಾಡಲಿ. ಎಂಜಿನ್ ಮುಚ್ಚಿಟ್ಕೊಂಡು ಆಟದ ನಿಯಮದ ಕೋಡನ್ನ ಮಾತ್ರ ಎಸ್‌ಡಿಕೆಯಲ್ಲಿ (ಮಾಡ್ ಮಾಡೋರಿಗೆ ಕೊಡೋ ಸಾಧನಗಳ ಕಟ್ಟು) ಕೊಟ್ರು. 1999ರಲ್ಲಿ ಅದರಿಂದ ಕೌಂಟರ್-ಸ್ಟ್ರೈಕ್ ಹುಟ್ಟಿತು. ಕ್ರಿಕೆಟ್ 07ಕ್ಕೆ ಅಂಥದ್ದೊಂದು ಇದ್ದಿದ್ರೆ ಶೆಟ್ರು ಇವತ್ತು ಫ್ರೀ ಹಿಟ್ ಹೊಡೀತಿದ್ರು.

ಹಿಂಜವಡಿ_ಹರ್ಷ (ಪುಣೆ)
ಸುಮಾ ಅಕ್ಕ, ಬಂತು! ಮೆನುವಿನಲ್ಲಿ ಕನ್ನಡ ಬಂತು! ಸಾಲುಗಳನ್ನ ನುಡಿ ಆಸ್ಕಿಗೆ ಬದಲಿಸಿ, ಪ್ರಸಾದ್ ಹೇಳಿದ ಹಾಗೆ ಫಾಂಟ್ ಹೆಸರು ತಿರುಗಿಸಿದೆ. 'ಕುದುರೆ ಲಾಯ' ಅಚ್ಚುಕಟ್ಟಾಗಿ ಕೂತಿದೆ.

ಎರಡು ತೊಂದರೆ ಉಳಿದಿದೆ. ಒಂದು, ಒತ್ತಿನ ಬಾಲ ಕತ್ತರಿಸಿ ಹೋಗ್ತಿದೆ. 'ಹಳ್ಳಿಗ'ದಲ್ಲಿ ಕೆಳಗಿನ ಳ ಅರ್ಧಕ್ಕೇ ನಿಂತಿದೆ, ಬಟನ್ನಿನ ಎತ್ತರ ಅಷ್ಟೇ. ಎರಡು, ಸೋಲಿಸಿದ ಸುದ್ದಿ ಬರೋ ಸಾಲಲ್ಲಿ ಹೆಸರು ಬರೋ ಜಾಗಕ್ಕೆ ಪರ್ಸೆಂಟ್ ಎಸ್ (%s) ಅಂತ ಇದೆ. 'ಅನ್ನು' ಪ್ರತ್ಯಯ ಹಚ್ಚಿದ್ರೆ ಒಂದು ಹೆಸರಿಗೆ ಸರಿ ಹೋಗಿ ಇನ್ನೊಂದಕ್ಕೆ ಕೆಡುತ್ತೆ.

ಪವಯಿ_ಪ್ರಸಾದ್ (ಮುಂಬೈ)
ಬಟನ್ನಿನ ಎತ್ತರ ಇಎಕ್ಸ್‌ಇ ಒಳಗೆ ಬರೆದಿಟ್ಟಿದ್ರೆ ಅದು ನಿಜವಾದ ಮಿತಿ. ಪ್ರತಿ ಬಟನ್ನಿಗೆ ವಿಳಾಸ ಹುಡುಕೋದರ ಬದಲು ಫಾಂಟನ್ನೇ ತಿದ್ದಿ. ಫಾಂಟ್ ತಿದ್ದೋ ಫಾಂಟ್‌ಫೋರ್ಜ್ ಪ್ರೋಗ್ರಾಮಲ್ಲಿ ಮುಖ್ಯ ಅಕ್ಷರ ಸ್ವಲ್ಪ ಗಿಡ್ಡ ಮಾಡಿ, ಒತ್ತನ್ನ ಮೇಲಕ್ಕೆ ಎತ್ತಿ.

ಪರ್ಸೆಂಟ್ ಎಸ್ ಇರೋ ಸಾಲಲ್ಲಿ ವ್ಯಾಕರಣದ ಜೊತೆ ಗುದ್ದಾಡಬೇಡಿ. 'ಗೆದ್ದವರು: ಇಂಥವರು. ಸೋತವರು: ಇಂಥವರು' ಅಂತ ಬರೀರಿ, ಪ್ರತ್ಯಯವೇ ಬೇಡ. ಎಷ್ಟು ಪರ್ಸೆಂಟ್ ಎಸ್ ಇದ್ವೋ ಅಷ್ಟೇ ಇರಲಿ, ಕ್ರಮವೂ ಅದೇ ಇರಲಿ. ಒಂದು ಹೆಚ್ಚಾದ್ರೆ ಗೇಮ್ ಬೀಳುತ್ತೆ. ಫಾಂಟಲ್ಲಿ ಪರ್ಸೆಂಟ್ ಚಿಹ್ನೆಯ ಜಾಗಕ್ಕೆ ಯಾವ ಚೂರನ್ನೂ ಕೂರಿಸಬೇಡಿ.

ಚಿಂಚವಡ_ಚೇತನ್ (ಪುಣೆ)
ಡಿಎಲ್ಎಲ್ ಬದಲಿಸಿದ್ರೆ ಲ್ಯಾನಲ್ಲಿ (ಕಂಪ್ಯೂಟರುಗಳನ್ನ ಜೋಡಿಸಿ) ಆಡೋವಾಗ ಔಟ್ ಆಫ್ ಸಿಂಕ್, ಅಂದ್ರೆ ಒಬ್ಬರ ಆಟ ಇನ್ನೊಬ್ಬರದಕ್ಕೆ ತಾಳೆ ಆಗ್ತಿಲ್ಲ ಅಂತ, ಬರಲ್ವಾ?

ವಾಸ್ಕೊ_ಬಸು (ಗೋವಾ)
ಬರಂಗಿಲ್ಲ ತಮ್ಮಾ. ಬರಹ ಬರೇ ನಿನ್ನ ಪರದೆಮ್ಯಾಲ ಇರ್ತದ. ಸೈನಿಕನ ಬಲ, ಬೆಲಿ ಅಂಥ ಡೇಟಾ ಒಬ್ಬಂದು ಒಂದು, ಇನ್ನೊಬ್ಬಂದು ಇನ್ನೊಂದು ಆದ್ರ ಸಿಂಕ್ ತಪ್ಪತದ. ಎಲ್ಲರ ಕಂಪ್ಯೂಟರೂ ತಮ್ಮ ತಮ್ಮಲ್ಲೇ ಇಡೀ ಯುದ್ಧ ಲೆಕ್ಕ ಹಾಕ್ತಾವ, ಉತ್ತರ ಒಂದೇ ಬರಬೇಕು.

ಎರಂಡವಣೆ_ಸುಮಾ (ಪುಣೆ)
ಹರ್ಷ, ಒತ್ತನ್ನು ಬಹಳ ಮೇಲಕ್ಕೆ ಎತ್ತಬೇಡ, 'ಳ'ಕ್ಕೂ ಅದರ ಒತ್ತಿಗೂ ನಡುವೆ ಬೆಳಕು ಕಾಣಬೇಕು. ಹೊಸದಾಗಿ ಓದಲು ಕಲಿಯುವ ಮಗುವಿಗೆ ಅಂಟಿಕೊಂಡ ಅಕ್ಷರ ಗುರುತು ಸಿಗುವುದಿಲ್ಲ. ಒತ್ತನ್ನು ಮುಕ್ಕಾಲು ಪಾಲಿಗೆ ಕುಗ್ಗಿಸಿ, ಸ್ವಲ್ಪ ಬಲಕ್ಕೆ ಇಡು, ಹಳೆಯ ಮೊಳೆ ಅಚ್ಚಿನಲ್ಲಿ ಇದ್ದ ಹಾಗೆ. ತಿದ್ದಿದ ಫಾಂಟ್ ಕಳಿಸು, ನಾನು ನೋಡಿ ಕೊಡುತ್ತೇನೆ.

ಠಾಣೆ_ವಕೀಲ (ಮುಂಬೈ)
ಹಂಚೋ ಯೋಚನೆ ಇದ್ರೆ ಫಾಂಟಿನ ಲೈಸೆನ್ಸ್ ನೋಡಿ. ವಿಂಡೋಸಿನ ಕನ್ನಡ ಫಾಂಟ್ ತುಂಗಾ ತಿದ್ದಿ ಹಂಚೋಕೆ ಬರಲ್ಲ. ನೋಟೋ ಸ್ಯಾನ್ಸ್ ಕನ್ನಡ ಓಪನ್ ಫಾಂಟ್ ಲೈಸೆನ್ಸ್ ಅಡಿ ಇದೆ, ತಿದ್ದಬಹುದು, ಹಂಚಬಹುದು, ತಿದ್ದಿದ್ದೂ ಅದೇ ಲೈಸೆನ್ಸಲ್ಲಿ ಇರಬೇಕು.

ಮಾಪುಸಾ_ರೋಹಿಣಿ (ಗೋವಾ)
ನೋಟೋದ ಅಕ್ಷರಗಳನ್ನ ಚೂರು ಮಾಡಿ ನುಡಿಯ ಜಾಗದ ಕ್ರಮಕ್ಕೆ ಕೂರಿಸೋ ಸ್ಕ್ರಿಪ್ಟ್ ಪೈಥಾನಲ್ಲಿ ಬರೀತೀನಿ. ಫಾಂಟ್‌ಫೋರ್ಜಿಗೆ ಪೈಥಾನ್ ಬರುತ್ತೆ. ಇದೊಂದು ಸಿದ್ಧ ಆದ್ರೆ ಕೋಡ್ ಪೇಜ್ ನಂಬಿ ವಿಂಡೋಸ್ ಫಾಂಟ್ ಬಳಸೋ ಎಷ್ಟೋ ಹಳೇ ಗೇಮಿಗೆ ಬರುತ್ತೆ. ಬಿಟ್‌ಮ್ಯಾಪ್ ಫಾಂಟ್ (ಅಕ್ಷರಗಳ ಸಿದ್ಧ ಚಿತ್ರ) ಇರೋ ಗೇಮಿಗೆ ಅದೇ ಚೂರುಗಳನ್ನ ಚಿತ್ರವಾಗಿ ತೆಗೆದು ಕೊಡಬಹುದು, ಆದ್ರೆ ಒತ್ತು ಎಡಕ್ಕೆ ಸರಿಯೋಕೆ ಅಲ್ಲಿ ಆಗಲ್ಲ. ಅದಕ್ಕೆ ಒತ್ತು ಸಮೇತ ಪೂರ್ತಿ ಅಕ್ಷರವನ್ನೇ ಒಂದು ಜಾಗಕ್ಕೆ ಹಾಕಬೇಕು, ಆಗ ಜಾಗ ಸಾಲಲ್ಲ. ಆ ಗೇಮಲ್ಲಿ ನಿಜವಾಗಿ ಬರೋ ಅಕ್ಷರಗಳನ್ನ ಮಾತ್ರ ಎಣಿಸಿ ಆರಿಸಬೇಕಾಗುತ್ತೆ.

ಹಿಂಜವಡಿ_ಹರ್ಷ (ಪುಣೆ)
ಹಾಗಾದ್ರೆ ಸಾಲುಗಳನ್ನ ಶೀಟಿಗೆ ಹಾಕ್ತೀನಿ, ಇಂಗ್ಲಿಷ್ ಒಂದು ಕಡೆ, ಕನ್ನಡ ಒಂದು ಕಡೆ, ಎಲ್ಲ ಯೂನಿಕೋಡಲ್ಲೇ. ಆಸ್ಕಿಗೆ ಬದಲಿಸೋದು ಕೊನೆಗೆ ಸ್ಕ್ರಿಪ್ಟಿನಿಂದ. ಸೈನಿಕರ ಹೆಸರು ಯಾರಿಗೆ, ಕಟ್ಟಡ ಯಾರಿಗೆ ಹೇಳಿ.

ಡೊಂಬಿವಲಿ_ಶೆಟ್ರು (ಮುಂಬೈ)
ಹಡಗು, ಬಂದರು, ಮೀನಿನ ಸಾಲೆಲ್ಲ ನನಗೆ ಬಿಡಿ.

ಸಾಯನ್_ಸಿದ್ದು (ಮುಂಬೈ)
ಕೋಟೆ, ಆನೆ, ಕುದುರೆ ನಂದು. ಇವತ್ತೇ ಶುರು ಮಾಡ್ತೀನಿ, ಶೀಟ್ ಕಳಿಸಿ.

ವಾಸ್ಕೊ_ಬಸು (ಗೋವಾ)
ಸಿದ್ದಣ್ಣಾ, ಕುದುರಿ ಸಾಲಿನಾಗ 'ರಾಹುತ' ಅಂತ ಹಾಕ್ರಿ, 'ಕುದುರೆ ಸವಾರ' ಬಟನ್ನಿನಾಗ ಹಿಡ್ಯಂಗಿಲ್ಲ.